ಹಕ್ಕಿ ಎಬ್ಬಿಸಲು ದೋಣಿ ಬೇಡ, ಉಬ್ಬರ ಸಾಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಜಿಲ್ಲಾ ಪುಟದಲ್ಲಿ ನೀವು ಐದು ಕಾಲಂ ಅಗಲಕ್ಕೆ ಹಾಕಿದ ಚಿತ್ರವನ್ನು ಕಾರವಾರದ ಕೋಡಿಬಾಗದ ಚಹಾದಂಗಡಿಯಲ್ಲಿ ನಾಲ್ಕಾರು ಜನ ಕೈಯಿಂದ ಕೈಗೆ ದಾಟಿಸಿ ನೋಡಿದರು. ಕಾಳಿ ನದಿ ಕಡಲು ಸೇರುವಲ್ಲಿ ಸೂರ್ಯ ಅರ್ಧ ಮುಳುಗಿದ್ದಾನೆ, ಬಲಕ್ಕೆ ಸದಾಶಿವಗಡದ ಗುಡ್ಡ ಕಪ್ಪಗೆ ನಿಂತಿದೆ, ನಡುವೆ ಆಕಾಶವೇ ಮುಚ್ಚಿಹೋಗುವಷ್ಟು ಹಕ್ಕಿ. ಕೆಳಗೆ ‘ಗೂಡಿಗೆ ಮರಳುವ ಹೊತ್ತು’ ಎಂಬ ಅಡಿಬರಹ. ಚಿತ್ರ ಚೆನ್ನಾಗಿದೆ ಎಂದು ಎಲ್ಲರೂ ತಲೆದೂಗಿದರು. ನಾನು ಅಪ್ಪನ ಕಾಲದ ಫೋಟೊ ಸ್ಟುಡಿಯೊವನ್ನು ಇದೇ ಊರಿನಲ್ಲಿ ನಡೆಸಿಕೊಂಡು ಬಂದವಳು. ಅಪ್ಪ ನೆಗೆಟಿವ್ ತಿದ್ದಲು ಬಳಸುತ್ತಿದ್ದ ಭೂತಗನ್ನಡಿ ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ನಿಮ್ಮ ಪುಟದ ಮೇಲಿಟ್ಟು ನೋಡಿದೆ. ಸಾಲದೆಂದು ಇ–ಪತ್ರಿಕೆಯಲ್ಲಿ ಹಿಗ್ಗಿಸಿಯೂ ನೋಡಿದೆ.

ಚಿತ್ರದ ಎಡ ಮೂಲೆಯಲ್ಲಿ ನೀರು ಎರಡಾಗಿ ಸೀಳಿಕೊಂಡ ಗೆರೆ ಇದೆ. ಎಂಜಿನ್ ದೋಣಿಯೊಂದು ಆಗಷ್ಟೇ ಜೋರಾಗಿ ಹಾದುಹೋದ ಗುರುತು ಅದು. ಬೆಳ್ಳಕ್ಕಿ ನೆಮ್ಮದಿಯಿಂದ ಹಾರುವಾಗ ಕತ್ತನ್ನು ಮಡಚಿ ಹೆಗಲಿಗೆ ಒತ್ತಿಕೊಂಡು, ಕಾಲುಗಳನ್ನು ಹಿಂದಕ್ಕೆ ನೀಡಿರುತ್ತದೆ. ನಿಮ್ಮ ಚಿತ್ರದ ಬೆಳ್ಳಕ್ಕಿಗಳ ಕತ್ತು ಮುಂದಕ್ಕೆ ಚಾಚಿದೆ, ಕಾಲು ಜೋತುಬಿದ್ದಿದೆ. ಅಂದರೆ ನೆಲ ಬಿಟ್ಟು ಎರಡು ಕ್ಷಣವೂ ಆಗಿಲ್ಲ. ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ರೀವಗಳು ಒಂದು ದಿಕ್ಕಿಗೆ, ಕಡಲ ಹಕ್ಕಿಗಳು ಇನ್ನೊಂದು ದಿಕ್ಕಿಗೆ, ಕೆಲವು ಗಾಳಿಗೆ ಬೆನ್ನು ಹಾಕಿ ಪೂರ್ವಕ್ಕೆ. ತಾವಾಗಿ ಏಳುವ ಗುಂಪು ಹೀಗೆ ಚೆಲ್ಲಾಪಿಲ್ಲಿ ಆಗುವುದಿಲ್ಲ. ಎರಡು ಮೂರು ಹಕ್ಕಿಗಳ ಬಾಲದ ಕೆಳಗೆ ಬಿಳಿಯ ಎಳೆಯೊಂದು ಇಳಿಬಿದ್ದಿದೆ. ಅದು ಏನೆಂದು ಚಹಾದಂಗಡಿಯಲ್ಲಿ ಕೇಳಿದರು. ಹೆದರಿ ಎದ್ದ ಹಕ್ಕಿ ಮೊದಲು ಹಿಕ್ಕೆ ಹಾಕುತ್ತದೆ ಎಂದು ಹೇಳಬೇಕಾಯಿತು.

ಇನ್ನು ಆ ಅಡಿಬರಹ. ಚಿತ್ರದಲ್ಲಿರುವ ಕಂದುತಲೆಯ ಕಡಲ ಹಕ್ಕಿಗಳಿಗೆ, ಎಲ್ಲರೂ ಸೀಗಲ್ ಎಂದು ಕರೆಯುತ್ತಾರಲ್ಲ ಅವುಗಳಿಗೆ, ಕಾರವಾರದಲ್ಲಿ ಗೂಡೇ ಇಲ್ಲ. ಅವು ಗೂಡು ಕಟ್ಟುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳ ಅಂಚಿನಲ್ಲಿ. ಚಳಿಗಾಲ ಕಳೆಯಲು ನಮ್ಮ ಕಡಲಂಚಿಗೆ ಬಂದವು, ಬೇಸಿಗೆ ಬಲಿಯುವ ಮೊದಲು ಹೊರಡುತ್ತವೆ. ಬೆಳ್ಳಕ್ಕಿಗಳಾದರೂ ಈ ತಿಂಗಳಲ್ಲಿ ನದಿಯಂಚಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ ರಾತ್ರಿ ಕಳೆಯುತ್ತವೆ, ಅಷ್ಟೇ. ಹಾಗಾಗಿ ಆ ಸಂಜೆ ಯಾವ ಹಕ್ಕಿಯೂ ಗೂಡಿಗೆ ಮರಳುತ್ತಿರಲಿಲ್ಲ. ನದಿಬಾಯಿಯ ಮರಳಿನ ದಿಬ್ಬದ ಮೇಲೆ ಕೂತಿದ್ದವನ್ನು ಯಾರೋ ಎಬ್ಬಿಸಿದರು, ಇನ್ನಾರೋ ಕ್ಲಿಕ್ಕಿಸಿದರು.

ಚಿತ್ರ ತೆಗೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಯಾರೆಂದೂ ನನಗೆ ತಿಳಿಯದು. ದೋಣಿ ಅವರು ಹೇಳಿ ಓಡಿಸಿದ್ದೋ, ದೋಣಿಯವನೇ ಉತ್ಸಾಹದಿಂದ ಓಡಿಸಿದ್ದೋ ಅದೂ ತಿಳಿಯದು. ನನ್ನ ತಕರಾರು ಇರುವುದು ಇದು ರೂಢಿಯಾಗುತ್ತಿರುವುದರ ಬಗ್ಗೆ. ನವೆಂಬರ್ ಹೊರಳಿತೆಂದರೆ ಸಂಜೆ ಐದರ ನಂತರ ಸೇತುವೆಯ ಕೆಳಗೆ ಒಂದಲ್ಲ ಒಂದು ದೋಣಿ ದಿಬ್ಬದತ್ತ ಮುಖ ಮಾಡುತ್ತದೆ. ಹತ್ತಿರ ಬಂದೊಡನೆ ಎಂಜಿನ್ ಏರಿಸುವುದು, ಕೇಕೆ ಹಾಕುವುದು, ಚಪ್ಪಾಳೆ ತಟ್ಟುವುದು. ಹಕ್ಕಿ ಏಳುತ್ತದೆ, ಮೊಬೈಲ್‌ಗಳೂ ಏಳುತ್ತವೆ. ಒಂದು ಸುತ್ತು ಹಾಕಿ ಅವು ಮತ್ತೆ ಕೂರುವ ಹೊತ್ತಿಗೆ ಎರಡನೆಯ ದೋಣಿ ಬಂದಿರುತ್ತದೆ. ಇತ್ತೀಚೆಗೆ ಚಿಪ್ಸ್, ಖಾರ ಮಂಡಕ್ಕಿ ಎಸೆದು ಕಡಲ ಹಕ್ಕಿಗಳನ್ನು ದೋಣಿಯ ಬೆನ್ನಿಗೆ ಹಚ್ಚಿಕೊಳ್ಳುವುದನ್ನೂ ಕಂಡಿದ್ದೇನೆ.

ನನ್ನ ಕಸುಬಿನವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮದುವೆಗೆ ಮುಂಚಿನ ಫೋಟೊ ಎಂಬ ಹೊಸ ಸಂಪ್ರದಾಯ ಬಂದ ಮೇಲೆ ಹುಬ್ಬಳ್ಳಿ, ಬೆಳಗಾವಿ, ಗೋವಾದಿಂದ ಜೋಡಿಗಳು ಬರುತ್ತವೆ. ಒಂದು ಜೋಡಿಯ ಕಡೆಯವರು ನನ್ನಲ್ಲಿಗೆ ಬಂದು, ಹುಡುಗಿಯ ಸೆರಗು ಹಾರಬೇಕು, ಸೂರ್ಯ ಅವರಿಬ್ಬರ ನಡುವೆ ಬರಬೇಕು, ಹಿಂದೆ ಹಕ್ಕಿ ಏಳಬೇಕು ಎಂದರು. ಸೆರಗಿಗೆ ಗಾಳಿ ಇದೆ, ಸೂರ್ಯನನ್ನು ನಿಲ್ಲಿಸುವುದು ನನ್ನ ಕೆಲಸ, ಹಕ್ಕಿಯ ಮಾತು ಹೇಳಲಾರೆ ಎಂದೆ. ಹುಡುಗನ ಮಾವ ಚೀಲದಿಂದ ದೀಪಾವಳಿಯಲ್ಲಿ ಮಿಕ್ಕ ಪಟಾಕಿ ತೆಗೆದು ತೋರಿಸಿ, ‘ಅದರ ವ್ಯವಸ್ಥೆ ನಾವು ಮಾಡಿಕೊಂಡೇ ಬಂದಿದ್ದೇವೆ’ ಎಂದು ನಕ್ಕರು. ಮುಂಗಡ ವಾಪಸು ಕೊಟ್ಟು ಕಳುಹಿಸಿದೆ. ಆ ಕೆಲಸ ಬೇರೆಯವರು ಮಾಡಿಕೊಟ್ಟರೆಂದು ಆಮೇಲೆ ಕೇಳಿದೆ. ಡ್ರೋನ್ ಹಾರಿಸುವವರದ್ದು ಇನ್ನೊಂದು ಕಥೆ. ನೌಕಾನೆಲೆ ಇರುವ ಊರಿನಲ್ಲಿ ಅದಕ್ಕಿರುವ ನಿರ್ಬಂಧ ಹಕ್ಕಿಗಳಿಗಾಗಿ ಮಾಡಿದ್ದಲ್ಲ, ಆದರೂ ಹಕ್ಕಿಗಳ ಪುಣ್ಯ.

‘ಹಕ್ಕಿ ಹಾರಿದರೆ ಏನಾಯಿತು, ಅದಕ್ಕೆ ರೆಕ್ಕೆ ಇರುವುದೇ ಹಾರಲು’ ಎಂದು ಕೇಳುವವರು ಇದ್ದಾರೆ. ಸಂಜೆಯಲ್ಲಿ ಒಮ್ಮೆ ಆ ದಿಬ್ಬವನ್ನು ದುರ್ಬೀನಿನಲ್ಲಿ ನೋಡಬೇಕು. ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಮರಳುಬಣ್ಣದ ಪ್ಲೋವರ್‌ಗಳು ಒಂಟಿಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹೂತು ನಿದ್ದೆ ಮಾಡುತ್ತಿರುತ್ತವೆ. ಎಲ್ಲವೂ ಗಾಳಿಗೆ ಎದುರಾಗಿಯೇ ನಿಂತಿರುತ್ತವೆ, ಗರಿ ಕೆದರಬಾರದಲ್ಲ. ನಿದ್ದೆ ಎಂದರೂ ಪೂರ್ತಿ ನಿದ್ದೆಯಲ್ಲ. ಒಂದರ ಕಣ್ಣು ತೆರೆದು ಮುಚ್ಚುತ್ತದೆ, ಅಷ್ಟರಲ್ಲಿ ಪಕ್ಕದ್ದರ ಕಣ್ಣು ತೆರೆಯುತ್ತದೆ. ಸಾಲಿನ ಅಂಚಿನಲ್ಲಿರುವುದು ಒಂಟಿಕಾಲಿನಲ್ಲೇ ಕುಪ್ಪಳಿಸಿ ಒಳಗೆ ಜಾಗ ಮಾಡಿಕೊಳ್ಳುತ್ತದೆ. ಮೇಲೆ ಗರುಡ ಹಾದುಹೋದರೆ ತಲೆ ಓರೆ ಮಾಡಿ ಒಂದು ಕಣ್ಣಿನಲ್ಲಿ ನೋಡುತ್ತವೆ, ಏಳುವುದಿಲ್ಲ. ಗರುಡ ಬಂದರು ಕಡೆಯ ಮೀನಿನ ತ್ಯಾಜ್ಯದ ಗಿರಾಕಿ ಎಂದು ಅವಕ್ಕೆ ಗೊತ್ತು. ನಿಜವಾದ ಬೇಟೆಯ ಹಕ್ಕಿ ಬಂದಾಗ ಇಡೀ ಗುಂಪು ಒತ್ತಾಗಿ ಮುದ್ದೆಗಟ್ಟಿ ಏಳುತ್ತದೆ, ಒಮ್ಮೆ ಬೆಳ್ಳಗೆ ಒಮ್ಮೆ ಕಂದಾಗಿ ತಿರುಗುತ್ತದೆ. ಆ ಏಳುವಿಕೆಗೆ ಅವು ಶಕ್ತಿಯನ್ನು ಕೂಡಿಟ್ಟುಕೊಂಡಿರಬೇಕು.

ಈ ಹಕ್ಕಿಗಳ ದಿನಚರಿ ಸೂರ್ಯನದ್ದಲ್ಲ, ಕಡಲಿನದ್ದು. ನೀರು ಇಳಿದಾಗ ಕೆಸರಿನಲ್ಲಿ ಹುಳು, ಏಡಿಮರಿ, ಚಿಪ್ಪು ಹುಡುಕಿ ತಿನ್ನಬೇಕು, ಹಗಲಾಗಲಿ ರಾತ್ರಿಯಾಗಲಿ. ನೀರು ಏರಿದಾಗ ಊಟವಿಲ್ಲ, ಆಗ ಎತ್ತರದ ಮರಳಿನ ಮೇಲೆ ನಿಂತು ವಿಶ್ರಮಿಸಬೇಕು. ಮಾರ್ಚ್–ಏಪ್ರಿಲ್ ಹೊತ್ತಿಗೆ ಹಿಮಾಲಯ ದಾಟಲು ಬೇಕಾದ ಕೊಬ್ಬನ್ನು ಈ ಕೆಸರಿನಿಂದಲೇ ಮೈಗೆ ಹತ್ತಿಸಿಕೊಳ್ಳಬೇಕು. ಒಂದು ಸಂಜೆ ಒಂದು ದೋಣಿ ಎಬ್ಬಿಸಿದರೆ ಅವು ತಡೆದುಕೊಳ್ಳುತ್ತವೆ. ಸಂಜೆಗೆ ನಾಲ್ಕು ದೋಣಿ, ವಾರಕ್ಕೆ ಏಳು ಸಂಜೆ ಎಂದಾದರೆ ದಿಬ್ಬವನ್ನೇ ಬಿಡುತ್ತವೆ. ಬಿಟ್ಟು ಹೋಗಲು ಹತ್ತಿರದಲ್ಲಿ ಇನ್ನೆಷ್ಟು ದಿಬ್ಬಗಳಿವೆ ಎಂದು ನದಿಯಲ್ಲಿ ಬಲೆ ಬೀಸುವವರನ್ನು ಕೇಳಿ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಸೂರ್ಯನ ಎದುರು ಹಕ್ಕಿಗಳ ಗುಂಪು ಏಳುವ ಆ ಚಿತ್ರ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ನನಗೂ ಬೇಕು. ಅದು ಸಿಗಲು ಯಾರನ್ನೂ ಎಬ್ಬಿಸಬೇಕಾಗಿಲ್ಲ ಎಂಬುದಷ್ಟೇ ನನ್ನ ವಾದ. ಕಾಳಿ ನದಿಯೇ ಅವುಗಳನ್ನು ಎಬ್ಬಿಸುತ್ತದೆ, ಅದೂ ಹೇಳಿದ ಹೊತ್ತಿಗೆ.

ಇದನ್ನು ನನಗೆ ಕಲಿಸಿದವರು ಸುಂಕೇರಿ ಕಡೆಯ ಒಬ್ಬ ಹಿರಿಯ ಮೀನುಗಾರರು. ನಾನು ಕ್ಯಾಮೆರಾ ಹೊತ್ತು ದಂಡೆಯಲ್ಲಿ ಸುಮ್ಮನೆ ಕಾಯುವುದನ್ನು ನೋಡಿ, ‘ಅಕ್ಕ, ಇವತ್ತು ತಿಥಿ ಯಾವುದು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ‘ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲವೇ?’ ಎಂದರು. ಲೆಕ್ಕ ಹೀಗಿದೆ: ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಸುಮಾರಾಗಿ ನಡುಹಗಲಿಗೆ ಮುಂಚೆ ಉಬ್ಬರ, ಸಂಜೆ ಐದರ ಆಸುಪಾಸಿಗೆ ಇಳಿತ. ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚಿನಂತೆ ಆ ಹೊತ್ತು ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಹುಣ್ಣಿಮೆಗೆ ಮೂರು–ನಾಲ್ಕು ದಿನ ಮೊದಲು, ಅಂದರೆ ಏಕಾದಶಿ, ದ್ವಾದಶಿಯ ಹೊತ್ತಿಗೆ, ಇಳಿತ ಮಧ್ಯಾಹ್ನವೇ ಮುಗಿದು ಸಂಜೆ ನೀರು ಏರುತ್ತಿರುತ್ತದೆ. ಸೂರ್ಯ ಕೆಂಪಾಗುವ ಹೊತ್ತಿಗೆ ನೀರು ದಿಬ್ಬದ ಅಂಚನ್ನು ನೆಕ್ಕುತ್ತಿರುತ್ತದೆ. ಹುಣ್ಣಿಮೆ ಕಳೆದು ಮೂರು ದಿನಕ್ಕೆ ಇದರ ತಿರುವು–ಮುರುವು: ಸಂಜೆ ನೀರು ಇಳಿಯುತ್ತಿರುತ್ತದೆ, ದಿಬ್ಬ ಆಗತಾನೆ ತಲೆ ಎತ್ತುತ್ತದೆ, ಹಕ್ಕಿಗಳು ಬಂದು ಇಳಿಯುತ್ತವೆ. ಏಳುವ ಚಿತ್ರ ಬೇಕಾದವರು ಏಕಾದಶಿಗೆ ಬರಲಿ, ಇಳಿಯುವ ಚಿತ್ರ ಬೇಕಾದವರು ತದಿಗೆಗೆ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ಈ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ, ಆದರೆ ಆಗ ಈ ಹಕ್ಕಿಗಳೂ ಇಲ್ಲಿರುವುದಿಲ್ಲ.

ನೀರು ಏರುವಾಗ ದಿಬ್ಬದ ಮೇಲೆ ನಡೆಯುವುದನ್ನು ನೋಡಲು ಎರಡು ಕಣ್ಣು ಸಾಲದು. ಅಂಚಿನಲ್ಲಿದ್ದವು ಕಾಲು ತೊಯ್ದೊಡನೆ ನಾಲ್ಕು ಹೆಜ್ಜೆ ಒಳಗೆ ನಡೆಯುತ್ತವೆ. ಒಳಗಿದ್ದವು ಸರಿದು ಜಾಗ ಕೊಡುತ್ತವೆ, ಗೊಣಗುತ್ತವೆ. ದಿಬ್ಬ ಚಾಪೆಯಗಲ ಆಗುವವರೆಗೂ ಯಾರೂ ಹಾರುವುದಿಲ್ಲ. ಉದ್ದಕಾಲಿನ ಬೆಳ್ಳಕ್ಕಿಗಳು ಮೊಣಕಾಲು ನೀರಿನಲ್ಲಿ ಏನೂ ಆಗಿಲ್ಲವೆಂಬಂತೆ ನಿಂತಿರುತ್ತವೆ. ಗಿಡ್ಡಕಾಲಿನ ಪ್ಲೋವರ್‌ಗಳಿಗೆ ಮೊದಲು ಧೈರ್ಯ ಹೋಗುತ್ತದೆ. ಹತ್ತೋ ಹದಿನೈದೋ ಎದ್ದವು ಎನ್ನುವಷ್ಟರಲ್ಲಿ ಅವುಗಳ ಹಿಂದೆ ಇನ್ನೊಂದು ತಂಡ, ಅದರ ಹಿಂದೆ ಕಡಲ ಹಕ್ಕಿಗಳು, ಕೊನೆಗೆ ರೀವಗಳು. ಸಾಲುಸಾಲಾಗಿ, ನಡುವೆ ಆಕಾಶ ಕಾಣುವಂತೆ, ಒಂದೊಂದು ಕೊಕ್ಕೂ ಬೇರೆಯಾಗಿ ಕಾಣುವಂತೆ ಏಳುತ್ತವೆ. ಸೂರ್ಯನ ಎದುರು ಕಪ್ಪಾಗಿ ಮೂಡುವ ಆಕೃತಿಗೆ ಬೇಕಾದದ್ದು ಇದೇ ಅಂತರ. ದೋಣಿ ಎಬ್ಬಿಸಿದ ಗುಂಪಿನಲ್ಲಿ ರೆಕ್ಕೆಯ ಮೇಲೆ ರೆಕ್ಕೆ ಬಿದ್ದು ಮಸಿ ಚೆಲ್ಲಿದಂತಾಗುತ್ತದೆ. ಹಕ್ಕಿಯ ಮೇಲೆ ದಯೆ ಬೇಡ ಎನ್ನುವವರು ಚಿತ್ರದ ಮೇಲಾದರೂ ಇಡಲಿ.

ಎಲ್ಲಿ ನಿಲ್ಲಬೇಕು ಎಂಬುದನ್ನು ಗಾಳಿ ಹೇಳುತ್ತದೆ. ಮಧ್ಯಾಹ್ನದ ಮೇಲೆ ನಮ್ಮಲ್ಲಿ ಗಾಳಿ ಕಡಲಿನಿಂದ ಬೀಸುತ್ತದೆ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ. ಸೇತುವೆಯ ಕಡೆಯಿಂದ ನೇರ ಸೂರ್ಯನತ್ತ ಕ್ಯಾಮೆರಾ ಹಿಡಿದವರಿಗೆ ಸಿಗುವುದು ಬಾಲ ಮಾತ್ರ. ದಕ್ಷಿಣದ ದಂಡೆಯಲ್ಲಿ ತುಸು ಓರೆಯಾಗಿ ಕುಳಿತರೆ ಕೊಕ್ಕಿನಿಂದ ಕಾಲಿನವರೆಗೆ ಪೂರ್ತಿ ಹಕ್ಕಿ ಸಿಗುತ್ತದೆ. ಬೆಳಕನ್ನು ಆಕಾಶಕ್ಕೆ ಅಳೆಯಿರಿ, ಸೂರ್ಯನ ಮೈಗಲ್ಲ, ಅವನ ಪಕ್ಕಕ್ಕೆ. ಹಕ್ಕಿ ಕಪ್ಪಾಗಲಿ ಬಿಡಿ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನವಾದರೆ ರೆಕ್ಕೆಯ ತುದಿ ಕದಡುತ್ತದೆ, ಕದಡುವುದೇ ಬೇಕಿದ್ದರೆ ಮೂವತ್ತರ ಒಂದಕ್ಕೆ ಇಳಿಸಿ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸಿ. ಹಳೆಯ ಮಾದರಿಯ ಕ್ಯಾಮೆರಾದಲ್ಲಿ ದೊಡ್ಡ ಮಸೂರದ ಮೂಲಕ ಸೂರ್ಯನನ್ನು ನೋಡಬೇಡಿ, ಕಣ್ಣು ಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಮೂರುಕಾಲಿ ಮಡಚಿ ಹೊರಡುತ್ತಾರೆ; ಒಳ್ಳೆಯ ಬಣ್ಣ ಬರುವುದು ಅದರ ನಂತರ. ಆಗ ಕಾಂಡ್ಲಾಕ್ಕೆ ಬಂದು ಕೂರುತ್ತಿರುವ ಬೆಳ್ಳಕ್ಕಿಗಳ ಮೇಲೆ ಫ್ಲ್ಯಾಶ್ ಮಾತ್ರ ಹಾಕಬೇಡಿ. ಕತ್ತಲಲ್ಲಿ ಎದ್ದದ್ದು ಮತ್ತೆ ಕೊಂಬೆ ಹುಡುಕಿಕೊಳ್ಳಲು ಪರದಾಡುತ್ತದೆ.

ಹತ್ತಿರ ಹೋಗುವ ಬಗೆಯನ್ನು ಕಲಿಯಬೇಕಾದದ್ದು ದೊಡ್ಡ ಮಸೂರದವರಿಂದಲ್ಲ, ಸಾರಿಗೆ ಚಿಪ್ಪಿಕಲ್ಲು (ಕೆಸರಿನ ಚಿಪ್ಪುಮೀನು) ಹೆಕ್ಕುವ ಹೆಂಗಸರಿಂದ. ಇಳಿತದ ಹೊತ್ತಿಗೆ ಅವರು ಸೀರೆ ಎತ್ತಿಕಟ್ಟಿ, ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೆಸರಿಗೆ ಇಳಿಯುತ್ತಾರೆ. ಅವರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಗೊರವ ಎಂಬ ಹಕ್ಕಿ ಮೇಯುತ್ತಿರುತ್ತದೆ. ಅದೇ ಗೊರವ ನನ್ನನ್ನು ಕಂಡರೆ ನೂರು ಹೆಜ್ಜೆಗೇ ಸಿಳ್ಳೆ ಹಾಕಿ ಹಾರಿಹೋಗುತ್ತಿತ್ತು. ವ್ಯತ್ಯಾಸ ಏನೆಂದು ಬಹಳ ದಿನ ನೋಡಿದೆ. ಅವರು ಬಗ್ಗಿರುತ್ತಾರೆ, ದಿನವೂ ಅದೇ ಜಾಗಕ್ಕೆ ಬರುತ್ತಾರೆ, ಮುಂದೆ ಸಾಗುವುದು ಅಂಗುಲ ಅಂಗುಲವಾಗಿ. ಎಲ್ಲಕ್ಕಿಂತ ಮಿಗಿಲಾಗಿ, ಅವರು ಹಕ್ಕಿಯನ್ನು ನೋಡುವುದಿಲ್ಲ. ನಾವು ನೆಟ್ಟಗೆ ಅದನ್ನೇ ನೋಡುತ್ತ, ಅದರ ಕಡೆಗೇ ನಡೆಯುತ್ತೇವೆ. ಬೇಟೆಯಾಡುವ ಪ್ರಾಣಿ ಮಾಡುವುದೂ ಅದನ್ನೇ. ಈಗ ನಾನು ಬಿಸಿಲು ಇಳಿಯುವ ಮೊದಲೇ ಹೋಗಿ ಒಂದು ಕಡೆ ಕೂತುಬಿಡುತ್ತೇನೆ. ಹಕ್ಕಿಯೇ ಹತ್ತಿರ ಬಂದರೆ ಚಿತ್ರ, ಬಾರದಿದ್ದರೆ ಮನೆಗೆ ಚಿಪ್ಪಿಕಲ್ಲು.

ಕಾನೂನಿನ ಮಾತೂ ಇದೆ. ನಾನು ವಕೀಲೆಯಲ್ಲ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಏನು ಎಂದು ಬರೆದಿರುವುದನ್ನು ಓದಲು ವಕೀಲಿಕೆ ಬೇಕಿಲ್ಲ. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ವನ್ಯಪ್ರಾಣಿಯನ್ನು ಅಟ್ಟುವುದು, ಅದಕ್ಕೆ ಆಮಿಷ ಒಡ್ಡುವುದು, ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದು ಇವೆಲ್ಲ ಆ ವ್ಯಾಖ್ಯೆಯೊಳಗೆ ಬರುತ್ತವೆ. ದೋಣಿಯಲ್ಲಿ ಚಪ್ಪಾಳೆ ತಟ್ಟುವ ಪ್ರವಾಸಿಗರನ್ನು ಹಿಡಿದು ಜೈಲಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಕಾಯ್ದೆ ಬರೆದವರಿಗೆ ಬಂದೂಕಿಲ್ಲದ ಬೇಟೆಯೂ ಇದೆ ಎಂಬುದು ಅರ್ಧ ಶತಮಾನದ ಹಿಂದೆಯೇ ತಿಳಿದಿತ್ತು.

ನಮ್ಮ ಜಿಲ್ಲೆಯಲ್ಲೇ ಇದನ್ನು ಚೆನ್ನಾಗಿ ಅರಿತ ಊರುಗಳಿವೆ. ಶಿರಸಿ ತಾಲ್ಲೂಕಿನ ಸೋಂದಾದ ಮುಂಡಿಗೆಕೆರೆಗೆ ಮಳೆಗಾಲದ ಆರಂಭದಲ್ಲಿ ಬೆಳ್ಳಕ್ಕಿಗಳು ಬಂದು ಕೆರೆಯ ನಡುವಿನ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿ ಸಂಜೆ ಅವು ಮರಳುವುದು ನಿಜವಾಗಿಯೂ ಗೂಡಿಗೆ. ನಿಮ್ಮ ಅಡಿಬರಹವನ್ನು ಆ ಚಿತ್ರಕ್ಕೆ ಕಾಯ್ದಿರಿಸಿ. ಕೆರೆಯ ಒಳಗೆ ಯಾರೂ ಇಳಿಯುವುದಿಲ್ಲ, ದೂರದಿಂದಲೇ ನೋಡಬೇಕು. ಹೊರಗಿನಿಂದ ಬಂದವರು ಗದ್ದಲ ಮಾಡಿದರೆ ಊರಿನವರೇ ಗದರುತ್ತಾರೆ. ನನ್ನ ಎದುರೇ ಒಬ್ಬ ಅಜ್ಜಿ ಒಂದು ಕಾರಿನವರ ಹಾಡು ನಿಲ್ಲಿಸಿದ್ದನ್ನು ನೋಡಿದ್ದೇನೆ. ಇತ್ತ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಅಂಕಸಮುದ್ರ ಮತ್ತು ಮಾಗಡಿ ಕೆರೆಯ ಜೊತೆಗೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಕಾಳಿಯ ಅಳಿವೆಗೆ ಅಂಥ ಹೆಸರಿಲ್ಲ. ಜೊಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಅಣೆಕಟ್ಟಿನ ಮೇಲೆ ಅಣೆಕಟ್ಟು ದಾಟಿ ಬರುವ ಈ ನದಿಯನ್ನು ನಾವು ವಿದ್ಯುತ್ತಿಗೆ ನೆನೆಯುತ್ತೇವೆ, 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದಾಗ ನೆನೆದೆವು. ಅದರ ಬಾಯಲ್ಲಿ ಚಳಿಗಾಲ ಕಳೆಯುವವರ ಲೆಕ್ಕ ಇಟ್ಟವರು ಕಡಿಮೆ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಬಿಳಿಹೊಟ್ಟೆಯ ಕಡಲ ಹದ್ದು ನಮ್ಮ ಕರಾವಳಿಯ ಎತ್ತರದ ಮರಗಳ ಮೇಲೆ ಗೂಡು ಕಟ್ಟುತ್ತದೆ. ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತ ಹೋಗುತ್ತದೆ. ಅಂಥ ಗೂಡಿನ ಚಿತ್ರ ಯಾರಾದರೂ ಕಳುಹಿಸಿದರೆ ದಯವಿಟ್ಟು ಊರಿನ ಹೆಸರು, ದೇವಸ್ಥಾನದ ಗುರುತು ಹಾಕಬೇಡಿ. ‘ಉತ್ತರ ಕನ್ನಡ ಕರಾವಳಿ’ ಎಂದರೆ ಸಾಕು. ಮರುದಿನ ಆ ಮರದ ಬುಡದಲ್ಲಿ ಮೋಟಾರ್ ಸೈಕಲ್‌ಗಳ ಸಾಲು ನಿಲ್ಲುವುದು ತಪ್ಪುತ್ತದೆ.

ದೋಣಿಯವರ ಹೊಟ್ಟೆಪಾಡಿನ ಪ್ರಶ್ನೆ ಬಂದೇ ಬರುತ್ತದೆ. ಒಬ್ಬ ಯುವಕನಿಗೆ ನಾನು ಇದನ್ನೆಲ್ಲ ಹೇಳಿದಾಗ ಆತ ತಾಳ್ಮೆಯಿಂದ ಕೇಳಿ, ‘ಹಕ್ಕಿ ಹಾರದಿದ್ದರೆ ಗಿರಾಕಿಗಳಿಗೆ ದುಡ್ಡು ದಂಡ ಅನ್ನಿಸುತ್ತದೆ ಅಕ್ಕ’ ಎಂದ. ಅವನ ಮಾತು ಸುಳ್ಳಲ್ಲ. ಆದರೆ ಅದೇ ಯುವಕ ಒಂದು ಸಂಜೆ ಎಂಜಿನ್ ಆರಿಸಿ, ಏರುವ ನೀರಿನಲ್ಲಿ ದೋಣಿಯನ್ನು ತೇಲಬಿಟ್ಟು, ದಿಬ್ಬದಿಂದ ಒಂದು ಅಳತೆಯ ದೂರದಲ್ಲಿ ಲಂಗರು ಹಾಕಿ ಕೂತ. ದೋಣಿಯಲ್ಲಿದ್ದವರು ಮೊದಲು ಚಡಪಡಿಸಿದರು, ಮಕ್ಕಳು ಬಿಸ್ಕೆಟ್ ಕೇಳಿದವು. ನೀರು ದಿಬ್ಬವನ್ನು ಮುಚ್ಚತೊಡಗಿದಾಗ ಎಲ್ಲರೂ ಬಾಯಿ ಮುಚ್ಚಿದರು. ಅಂದಿನ ಗಿರಾಕಿಗಳು ಅವನ ಫೋನ್ ನಂಬರ್ ಬರೆದುಕೊಂಡು ಹೋದರು ಎಂದು ಅವನೇ ಹೇಳಿದ. ಕಾರವಾರದ ಬಗ್ಗೆ ಬರೆಯುವವರೆಲ್ಲ ರವೀಂದ್ರನಾಥ ಠಾಕೂರರನ್ನು ಎಳೆದು ತರುತ್ತಾರೆ, ನಾನೂ ತಂದುಬಿಡುತ್ತೇನೆ: ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ಅವರು ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ಆ ದೋಣಿಗೆ ಎಂಜಿನ್ ಇರಲಿಲ್ಲ.

ಪ್ರವಾಸಿ ದೋಣಿಗಳಿಗೆ ಪರವಾನಗಿ ಕೊಡುವವರು ನವೆಂಬರಿನಿಂದ ಮಾರ್ಚ್‌ವರೆಗೆ ದಿಬ್ಬದಿಂದ ಮತ್ತು ಕಾಂಡ್ಲಾದಿಂದ ಇಷ್ಟು ದೂರ ಎಂದು ಒಂದು ಷರತ್ತು ಹಾಕಲಿ. ಆ ದೂರವನ್ನು ಕಚೇರಿಯಲ್ಲಿ ಕುಳಿತು ನಿರ್ಧರಿಸದೆ, ಬಲೆಯವರನ್ನು, ಚಿಪ್ಪಿಕಲ್ಲಿನವರನ್ನು ಕರೆದು ಕೇಳಲಿ. ಗಡಿ ತೋರಿಸಲು ನೀರಿನಲ್ಲಿ ಬಣ್ಣ ಬಳಿದ ಎರಡು ಬೋಯ್ (ತೇಲುಗುಂಡು) ಬಿಟ್ಟರೆ ಫಲಕ, ಭಾಷಣ ಯಾವುದೂ ಬೇಕಾಗಿಲ್ಲ.

ನಿಮ್ಮಿಂದ ಬೇಕಾದದ್ದು ಎರಡು. ಓದುಗರು ಕಳುಹಿಸುವ ಹಕ್ಕಿಯ ಚಿತ್ರದ ಜೊತೆ ‘ಹೇಗೆ ತೆಗೆದಿರಿ’ ಎಂಬ ಒಂದು ಸಾಲನ್ನು ಕೇಳಿ. ಕ್ಯಾಮೆರಾದ ಮಾದರಿ ಯಾವುದೆಂದು ಕೇಳುವಷ್ಟೇ ಸುಲಭ ಅದು. ಉತ್ತರ ಸುಳ್ಳಾದರೂ ನಿಮ್ಮ ಫೋಟೊ ವಿಭಾಗದವರು ಕಾಲು, ಕತ್ತು, ನೀರಿನ ಗೆರೆ ನೋಡಿ ಹಿಡಿಯಬಲ್ಲರು. ಬೇಕಿದ್ದರೆ ಭೂತಗನ್ನಡಿ ನಾನು ಕೊಡುತ್ತೇನೆ.

ಎರಡನೆಯದು ಖರ್ಚಿಲ್ಲದ ಕೆಲಸ. ನಿಮ್ಮ ಪುಟದ ಮೂಲೆಯಲ್ಲಿ ಸೂರ್ಯೋದಯ, ಸೂರ್ಯಾಸ್ತ, ತಿಥಿ, ನಕ್ಷತ್ರ, ರಾಹುಕಾಲ ದಿನವೂ ಅಚ್ಚಾಗುತ್ತವೆ. ಅದರ ಕೆಳಗೆ ಕಾರವಾರದ ಉಬ್ಬರ–ಇಳಿತದ ಸಮಯವನ್ನು ಒಂದು ಸಾಲಿನಲ್ಲಿ ಹಾಕಿ. ಬಂದರುಗಳ ಉಬ್ಬರ–ಇಳಿತದ ಕೋಷ್ಟಕವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷಕ್ಕೆ ಮುಂಚಿತವಾಗಿಯೇ ಪ್ರಕಟಿಸುತ್ತದೆ. ಬಲೆಯವರಿಗೆ, ಚಿಪ್ಪಿಕಲ್ಲಿನವರಿಗೆ ಅದು ಬಾಯಿಪಾಠ. ಹುಬ್ಬಳ್ಳಿಯಿಂದ ಕ್ಯಾಮೆರಾ ಹೊತ್ತು ಬರುವವರಿಗಲ್ಲ. ಬಸ್ ಹತ್ತುವ ಮೊದಲೇ ಯಾವ ಸಂಜೆ ದಿಬ್ಬ ಮುಳುಗುತ್ತದೆಂದು ನಿಮ್ಮ ಪತ್ರಿಕೆಯಲ್ಲಿ ನೋಡಿಕೊಂಡು ಹೊರಡಲಿ.

ಇಂತಿ,
ಸ್ಟುಡಿಯೊ ನಡೆಸುವ ಒಬ್ಬ ಓದುಗಳು
ಕೋಡಿಬಾಗ, ಕಾರವಾರ